ಸುಟ್ಟ ಗಾಳಿಗೆ ನೀರಿನ ಸ್ನಾನ: ಚಿಪ್ ಕಾರ್ಖಾನೆಯ ಹೊಗೆ ಹೋಗುವುದೆಲ್ಲಿಗೆ?

ಗುಜರಾತಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಒಂದೆಡೆ ಸೇರಿದಾಗ ಮಾತು ಯಾವ ಕಡೆ ಹರಿಯುತ್ತದೆ ಎಂಬುದು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಮೊದಲೆಲ್ಲ ಬೆಂಗಳೂರಿನ ರೈಲಿಗೆ ಸೀಟು ಸಿಕ್ಕಿತೇ, ಊರಿನಿಂದ ತಂದ ಕುಚ್ಚಲಕ್ಕಿ ಮುಗಿಯಿತೇ ಎಂಬಲ್ಲಿಗೆ ನಿಲ್ಲುತ್ತಿದ್ದ ಮಾತು ಇತ್ತೀಚೆಗೆ ಸಾಣಂದ್ ಮತ್ತು ಧೋಲೇರಾಗಳನ್ನು ಸುತ್ತಿ ಬರುತ್ತಿದೆ. ಯಾರ ಮಗನಿಗೆ ಅಲ್ಲಿ ನೌಕರಿ ಆಯಿತು, ಯಾರು ಅಲ್ಲಿ ನಿವೇಶನ ಕೊಂಡರು ಎಂಬುದೇ ಸುದ್ದಿ. ಇಂಥದೊಂದು ಸಂಜೆ, ಮೊಮ್ಮಗಳು ಧೋಲೇರಾದ ಕೆಲಸಕ್ಕೆ ಅರ್ಜಿ ಹಾಕಿರುವ ಹಿರಿಯ ತಾಯಿಯೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆ ಇದು: "ಅಷ್ಟು ದೊಡ್ಡ ಕಾರ್ಖಾನೆ ಎನ್ನುತ್ತೀರಿ. ಪತ್ರಿಕೆಯ ಚಿತ್ರದಲ್ಲಿ ಒಂದು ಎತ್ತರದ ಚಿಮಣಿಯೂ ಇಲ್ಲ. ಹಾಗಾದರೆ ಅದರ ಹೊಗೆ ಎಲ್ಲಿ ಹೋಗುತ್ತದೆ?"

ಬ್ಯಾಂಕಿನ ಲೆಕ್ಕದಲ್ಲಿ ಬೆಳೆದ, ಕಲಾ ವಿಭಾಗದಲ್ಲಿ ಪದವಿ ಪಡೆದ ನಮಗೆ ಉತ್ತರ ತಿಳಿದಿರಲಿಲ್ಲ. ಅಹಮದಾಬಾದಿನ ಬಟ್ಟೆ ಗಿರಣಿಗಳ ಚಿಮಣಿಗಳನ್ನು ಕಂಡವರಿಗೆ ಈ ಸಂದೇಹ ಬರುವುದು ಸಹಜವೇ. ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡುದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ಚಿಪ್ ಕಾರ್ಖಾನೆ ಎಂಬ ಒಂದೇ ಹೆಸರಿನಲ್ಲಿ ನಾವು ಎರಡು ಬಗೆಯ ಉದ್ಯಮಗಳನ್ನು ಕರೆಯುತ್ತಿದ್ದೇವೆ. 2023ರ ಜೂನಿನಲ್ಲಿ ಘೋಷಣೆಯಾದ ಮೈಕ್ರಾನ್ ಕಂಪನಿಯ ಸಾಣಂದ್ ಘಟಕ, ಅಲ್ಲಿಯೇ 2025ರ ಆಗಸ್ಟಿನಲ್ಲಿ ಪ್ರಾಯೋಗಿಕ ಸಾಲನ್ನು ಆರಂಭಿಸಿದ ಸಿ.ಜಿ. ಸೆಮಿ, ನಮ್ಮ ಮೈಸೂರಿನ ಕೇನ್ಸ್ ಸಂಸ್ಥೆಗೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿದ 3,300 ಕೋಟಿ ರೂಪಾಯಿಯ ಘಟಕ, ಸೂರತ್ತಿನ ಸೂಚಿ ಸೆಮಿಕಾನ್, ಇವೆಲ್ಲ ಬೇರೆಡೆ ತಯಾರಾದ ಚಿಪ್ಪುಗಳನ್ನು ಕತ್ತರಿಸಿ, ಜೋಡಿಸಿ, ಪರೀಕ್ಷಿಸಿ, ಕವಚ ತೊಡಿಸುವ ಘಟಕಗಳು. ಇಲ್ಲಿ ವಿಷಾನಿಲಗಳ ಬಳಕೆ ಕಡಿಮೆ. ಸಿಲಿಕಾನ್ ಬಿಲ್ಲೆಯ ಮೇಲೆ ಚಿಪ್ಪನ್ನೇ ಮೂಡಿಸುವ ಕಾರ್ಖಾನೆ ಧೋಲೇರಾದ್ದು. ಟಾಟಾ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ತೈವಾನಿನ ಪವರ್‌ಚಿಪ್ ಸಂಸ್ಥೆಯ ಸಹಯೋಗದಲ್ಲಿ 91,000 ಕೋಟಿ ರೂಪಾಯಿ ವೆಚ್ಚದಲ್ಲಿ, ತಿಂಗಳಿಗೆ 50,000 ಬಿಲ್ಲೆಗಳ ಸಾಮರ್ಥ್ಯದ ಗುರಿಯೊಂದಿಗೆ ಕೈಗೊಂಡ ಈ ಯೋಜನೆಗೆ 2024ರ ಮಾರ್ಚ್ 13ರಂದು ಶಂಕುಸ್ಥಾಪನೆಯಾಯಿತು. ಹಿರಿಯ ತಾಯಿಯವರ ಪ್ರಶ್ನೆ ನಿಜವಾಗಿ ಅನ್ವಯಿಸುವುದು ಇದಕ್ಕೆ. ಇದರ ಸೋದರ ಉದ್ಯಮವೆಂದರೆ ಸೌರಕೋಶ ತಯಾರಿಕೆ. ಸೂರತ್ತಿನ ದಕ್ಷಿಣಕ್ಕೆ, ನವಸಾರಿ ಜಿಲ್ಲೆಯ ಚಿಖಲಿಯಲ್ಲಿ 2025ರಲ್ಲಿ ವಾರಿ ಸಂಸ್ಥೆಯ ದೊಡ್ಡ ಸೌರಕೋಶ ಕಾರ್ಖಾನೆ ಆರಂಭವಾಗಿದೆ. ಸೌರಕೋಶದ ಮೇಲಿನ ನೀಲಿ ಲೇಪವನ್ನು ಮೂಡಿಸಲು ಬಳಸುವ ಸೈಲೇನ್ ಮತ್ತು ಅಮೋನಿಯಾ ಅನಿಲಗಳು ಚಿಪ್ ತಯಾರಿಕೆಯಲ್ಲಿಯೂ ಬೇಕು.

ಚಿಪ್ಪನ್ನು ಮೂಡಿಸುವುದೆಂದರೆ ಬಿಲ್ಲೆಯ ಮೇಲೆ ತೆಳುವಾದ ಪದರಗಳನ್ನು ಒಂದರ ಮೇಲೊಂದು ಲೇಪಿಸಿ, ಬೇಡವಾದೆಡೆ ಕೊರೆದು ತೆಗೆಯುವುದು. ಲೇಪಿಸುವ ಕೆಲಸವನ್ನೂ ಕೊರೆಯುವ ಕೆಲಸವನ್ನೂ ಬಹುಪಾಲು ಅನಿಲಗಳೇ ಮಾಡುತ್ತವೆ. ಸೈಲೇನ್ ಲೇಪಿಸುತ್ತದೆ, ಟ್ರೈಫ್ಲೋರೋಮೀಥೇನ್ ಹಾಗೂ ಕಾರ್ಬನ್ ಟೆಟ್ರಾಫ್ಲೋರೈಡ್ ಕೊರೆಯುತ್ತವೆ, ಯಂತ್ರದ ಒಳಗೋಡೆಗೆ ಹತ್ತಿದ ಮಡ್ಡಿಯನ್ನು ನೈಟ್ರೋಜನ್ ಟ್ರೈಫ್ಲೋರೈಡ್ ತೊಳೆಯುತ್ತದೆ. ಆದರೆ ಒಳಗೆ ಬಿಟ್ಟ ಅನಿಲವೆಲ್ಲ ಕೆಲಸಕ್ಕೆ ಬರುವುದಿಲ್ಲ. ಒಂದು ಪಾಲು ಮಾತ್ರ ಬಿಲ್ಲೆಯನ್ನು ಮುಟ್ಟುತ್ತದೆ. ಉಳಿದುದು, ಹೊಸದಾಗಿ ಹುಟ್ಟಿದ ಇತರ ಅನಿಲಗಳೊಡನೆ, ನಿರ್ವಾತ ಪಂಪಿನ ಮೂಲಕ ಹೊರಗೆ ಬರುತ್ತದೆ. ಸಾರಜನಕವನ್ನು ಧಾರಾಳವಾಗಿ ಬೆರೆಸಿ ಅದನ್ನು ತೆಳುಮಾಡಿ ಮುಂದಕ್ಕೆ ಕಳುಹಿಸುತ್ತಾರೆ.

ಈ ಉಳಿಕೆಯನ್ನು ಹಾಗೆಯೇ ಹೊರಗೆ ಬಿಡುವಂತಿಲ್ಲ. ಸೈಲೇನ್ ಗಾಳಿಯನ್ನು ಸೋಕಿದರೆ ಕಡ್ಡಿ ಗೀರದೆಯೇ ಹೊತ್ತಿಕೊಳ್ಳುವ ಅನಿಲ. ಫ್ಲೋರಿನ್ ಸೇರಿದ ಅನಿಲಗಳದ್ದು ಇದಕ್ಕೆ ತದ್ವಿರುದ್ಧವಾದ ಸ್ವಭಾವ. ಅವು ಎಷ್ಟು ಗಟ್ಟಿಯೆಂದರೆ ಕಾರ್ಬನ್ ಟೆಟ್ರಾಫ್ಲೋರೈಡ್ ವಾತಾವರಣವನ್ನು ಸೇರಿದರೆ ಸುಮಾರು 50,000 ವರ್ಷ ಅಲ್ಲಿಯೇ ಉಳಿಯುತ್ತದೆ, ಸೂರ್ಯನ ಶಾಖವನ್ನು ಹಿಡಿದಿಡುತ್ತದೆ. ಆದುದರಿಂದ ಯಂತ್ರದ ಪಕ್ಕದಲ್ಲಿಯೋ ಕೆಳ ಅಂತಸ್ತಿನಲ್ಲಿಯೋ ಕಪಾಟಿನಷ್ಟು ದೊಡ್ಡದಾದ ಒಂದು ಕುಲುಮೆಯಿರುತ್ತದೆ. ಅನಿಲವು ಅದರಲ್ಲಿ ಉರಿದುಹೋಗಬೇಕು. ಸೈಲೇನ್ ಸುಲಭವಾಗಿ ಉರಿದು ಹಿಟ್ಟಿನಷ್ಟು ನುಣುಪಾದ ಮರಳಾಗುತ್ತದೆ. ಮರಳೆಂದರೆ ಮರಳೇ, ನಮ್ಮ ಹೊಳೆಯ ಮರಳಿನಲ್ಲಿರುವ ಅದೇ ಸಿಲಿಕಾ. ಕಾರ್ಬನ್ ಟೆಟ್ರಾಫ್ಲೋರೈಡ್ ಮಾತ್ರ 1,200 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಜ್ವಾಲೆಯನ್ನು ಬೇಡುತ್ತದೆ.

ಉರಿದ ಮೇಲೆ ಕೆಲಸ ಮುಗಿಯಿತೆಂದು ನಾವು ಭಾವಿಸಿದ್ದೆವು. ಕಷ್ಟದ ಭಾಗ ಅಲ್ಲಿಂದಲೇ ಆರಂಭವೆಂದು ಆಮೇಲೆ ತಿಳಿಯಿತು. ಕುಲುಮೆಯಿಂದ ಹೊರಬರುವ ಗಾಳಿ ಸಾವಿರ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದರೊಳಗೆ ನುಣುಪು ಮರಳಿದೆ, ನೀರಾವಿಯಿದೆ, ಎಲ್ಲಕ್ಕಿಂತ ಮಿಗಿಲಾಗಿ ಹೈಡ್ರೋಜನ್ ಫ್ಲೋರೈಡ್ ಎಂಬ ಗಾಜನ್ನೂ ತಿನ್ನುವ ಆಮ್ಲಾನಿಲವಿದೆ. ಈ ಆಮ್ಲವನ್ನು ನೀರಿನಲ್ಲಿ ತೊಳೆದು ತೆಗೆಯಬೇಕು. ತೊಳೆಯುವ ಗೋಪುರವೂ ಮುಂದಿನ ಕೊಳವೆಗಳೂ ಬಹುಮಟ್ಟಿಗೆ ಪ್ಲಾಸ್ಟಿಕ್ಕಿನವು, ಏಕೆಂದರೆ ಆಮ್ಲಕ್ಕೆ ಜಗ್ಗದ ಅಗ್ಗದ ವಸ್ತು ಅದೇ. ಪಿ.ವಿ.ಸಿ. ಕೊಳವೆ 60 ಡಿಗ್ರಿಗೆ ಮೆತ್ತಗಾಗತೊಡಗುತ್ತದೆ, ಪಾಲಿಪ್ರೊಪಿಲೀನ್ 100 ಡಿಗ್ರಿಯ ಹತ್ತಿರ ಸೋಲುತ್ತದೆ. ಅಲ್ಲದೆ ಆಮ್ಲಾನಿಲವು ತಣ್ಣೀರಿನಲ್ಲಿ ಕರಗುವಷ್ಟು ಸುಲಭವಾಗಿ ಬಿಸಿನೀರಿನಲ್ಲಿ ಕರಗದು. ಬಿಸಿಯಾದ ಸೋಡಾದಿಂದ ಅನಿಲ ಬೇಗ ಹಾರಿಹೋಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾತ್ರದ ಲೆಕ್ಕವೂ ಇದೆ: ಸಾವಿರ ಡಿಗ್ರಿಯ ಒಣಗಾಳಿಯನ್ನು ಕೋಣೆಯ ಉಷ್ಣತೆಗೆ ಇಳಿಸಿದರೆ ಅದು ಸುಮಾರು ಕಾಲು ಭಾಗಕ್ಕೆ ಕುಗ್ಗುತ್ತದೆ. ಆಗ ಕೊಳವೆಯೂ ಬೀಸಣಿಗೆಯೂ ಚಿಕ್ಕದಾದರೆ ಸಾಕು.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಕಾರಣ ಇನ್ನೊಂದು. ಗಾಳಿಯಲ್ಲಿ ಇಂಗಾಲವೂ ಕ್ಲೋರಿನ್ನೂ ಜೊತೆಯಲ್ಲಿದ್ದರೆ, ಅದು ನಿಧಾನವಾಗಿ ತಣಿಯುವಾಗ 450ರಿಂದ 200 ಡಿಗ್ರಿಗಳ ನಡುವೆ ಡಯಾಕ್ಸಿನ್ ಎಂಬ ಘೋರ ವಿಷಗಳು ಹುಟ್ಟಬಹುದು. ಕುಲುಮೆಯಲ್ಲಿ ಒಡೆದುಹೋದ ಅಣುಗಳು ಹಾದಿಯಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಆದುದರಿಂದ ಈ ಹಂತವನ್ನು ಕ್ಷಣಾರ್ಧದಲ್ಲಿ ದಾಟಿಬಿಡಬೇಕು. ತಣಿಸಿದರೆ ಸಾಲದು, ಥಟ್ಟನೆ ತಣಿಸಬೇಕು.

ಅಡಿಗೆಮನೆಯ ಅನುಭವದಿಂದ ಹೇಳುವುದಾದರೆ, ಕೆಂಡಕ್ಕೆ ನೀರು ಎರಚಿದಂತೆಯೇ ಇದು. ಕುಲುಮೆಯ ಕೆಳಗೆ ಸುತ್ತಲಿನಿಂದ ನೀರಿನ ತುಂತುರು ಹಾರುತ್ತಿರುತ್ತದೆ, ಗೋಡೆಯ ಮೇಲೂ ನೀರು ಪರದೆಯಂತೆ ಇಳಿಯುತ್ತಿರುತ್ತದೆ. ತುಂತುರು ಆವಿಯಾಗುವಾಗ ಗಾಳಿಯ ಶಾಖವನ್ನು ಕಸಿದುಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖ ಎಷ್ಟು ಅಗಾಧವೆಂದರೆ, ಆ ಒಂದೇ ಲೀಟರ್ ಎರಡು ಕಿಲೋಗ್ರಾಂ ಗಾಳಿಯನ್ನು ಸುಮಾರು ಸಾವಿರ ಡಿಗ್ರಿ ಕೆಳಗಿಳಿಸಬಲ್ಲದು. ನಮ್ಮ ಮಡಕೆಯ ನೀರು ತಂಪಾಗುವುದೂ ಇದೇ ತತ್ತ್ವದಿಂದ.

ಆದರೆ ಈ ಉಪಾಯಕ್ಕೆ ಒಂದು ಮಿತಿಯುಂಟು. ಅಹಮದಾಬಾದಿನಲ್ಲಿ ಮೇ ತಿಂಗಳಿನ ಒಣ ಬಿಸಿಲಿಗೆ ಕಿಟಕಿಯ ಕೂಲರ್ ಎಷ್ಟು ಸೊಗಸಾಗಿ ತಂಪೆರೆಯುತ್ತದೆ! ಅದೇ ಕೂಲರನ್ನು ಜುಲೈ ತಿಂಗಳಿನಲ್ಲಿ ಸೂರತ್ತಿಗೆ ಒಯ್ದು ನೋಡಿ, ಮೈಗೆ ಅಂಟಂಟಾದ ಗಾಳಿ ಬಿಟ್ಟು ಬೇರೇನೂ ಸಿಗದು. ಗಾಳಿ ನೀರನ್ನು ಹೀರಿ ತಣಿದ ಮೇಲೆ ಇನ್ನು ಹೀರಲಾರದು, ಅಲ್ಲಿಗೆ ತಂಪೂ ನಿಂತಿತು. ಕುಲುಮೆಯ ಗಾಳಿಗೂ ಇದೇ ನಿಯಮ. ತುಂತುರಿನಿಂದ ಅದು 70-80 ಡಿಗ್ರಿಗಳ ಆಸುಪಾಸಿಗೆ ಬಂದು ನಿಲ್ಲುತ್ತದೆ. ಆಗ ಅದರ ಗಾತ್ರದಲ್ಲಿ ಮೂರನೇ ಒಂದು ಪಾಲಿನಷ್ಟು ಬರೀ ನೀರಾವಿ. ಇದನ್ನು ಹಾಗೆಯೇ ಮುಂದಕ್ಕೆ ಬಿಟ್ಟರೆ ತಣ್ಣನೆಯ ಕೊಳವೆಯ ಒಳಗೋಡೆಯ ಮೇಲೆ ಹನಿಗೂಡಿ, ಆ ಹನಿ ಅಳಿದುಳಿದ ಆಮ್ಲವನ್ನು ಹೀರಿ, ತಗ್ಗಿನಲ್ಲಿ ನಿಂತು ಲೋಹವನ್ನು ಕೊರೆಯುತ್ತದೆ. ಆದುದರಿಂದ ಎರಡನೆಯ ಹಂತದಲ್ಲಿ ನಿಜವಾಗಿಯೂ ತಣ್ಣಗಿರುವ ನೀರಿನಿಂದ ಗಾಳಿಯನ್ನು ತೊಳೆಯುತ್ತಾರೆ. ಈ ಬಾರಿ ನೀರು ಆವಿಯಾಗುವುದಿಲ್ಲ, ಆವಿಯೇ ನೀರಾಗಿ ಇಳಿಯುತ್ತದೆ. 30 ಡಿಗ್ರಿಗೆ ಬಂದಾಗ ಗಾಳಿಯಲ್ಲಿ ಉಳಿಯುವ ಆವಿ ನೂರಕ್ಕೆ ನಾಲ್ಕು ಪಾಲು. ಆ ಬಳಿಕ ಹನಿಗಳನ್ನು ತಡೆಯುವ ಜಾಲರಿ, ಬಳಿಕ ಛಾವಣಿಯ ಮೇಲಿನ ದೊಡ್ಡ ತೊಳೆಗೋಪುರ, ಕೊನೆಗೆ ಗಿಡ್ಡನೆಯ ಕೊಳವೆ. ತೊಳೆದು ತಣಿದ ಗಾಳಿಗೆ ಗಿರಣಿಯ ಚಿಮಣಿಯಂಥ ಎತ್ತರ ಬೇಡವೆಂದು ಬೀಸಣಿಗೆಯೇ ಅದನ್ನು ರಭಸದಿಂದ ಹೊರಗೆ ನೂಕುತ್ತದೆ. ಪತ್ರಿಕೆಯ ಚಿತ್ರದಲ್ಲಿ ಚಿಮಣಿ ಕಾಣದಿರುವುದರ ರಹಸ್ಯ ಇಷ್ಟೇ.

ಇಷ್ಟೊಂದು ಶಾಖವನ್ನು ಪೋಲು ಮಾಡುವ ಬದಲು ಉಪಯೋಗಿಸಿಕೊಳ್ಳಬಾರದೇ ಎಂದು ಬ್ಯಾಂಕಿನವರಿಗೆ ಅನ್ನಿಸದೆ ಇರದು. ಸಿಮೆಂಟ್ ಕಾರ್ಖಾನೆಗಳು ಹೊಗೆಯ ಶಾಖದಿಂದ ವಿದ್ಯುತ್ ತೆಗೆಯುತ್ತವೆ. ಇಲ್ಲಿ ಕುಲುಮೆಗಳು ಚಿಕ್ಕವು, ಅಲ್ಲೊಂದು ಇಲ್ಲೊಂದು ಚದುರಿದವು, ಮರಳಿನ ಹುಡಿ ಶಾಖ ಹೀರುವ ಕೊಳವೆಗಳನ್ನು ಮುಚ್ಚಿಬಿಡುತ್ತದೆ, ಆಮ್ಲ ಅವನ್ನು ತಿನ್ನುತ್ತದೆ. ಲಾಭ ಹೊರಡದು.

ತಣಿಸುವುದೇ ಅಷ್ಟು ಒಳ್ಳೆಯದಾದರೆ ಯಂತ್ರದ ಬಾಯಿಯಿಂದಲೇ ತಣಿಸಬಾರದೇಕೆ? ಇದಕ್ಕೆ ಉತ್ತರ ಹಳೆಯ ಕಲಾಯಿಯವನ ಬಳಿ ಇದೆ. ಕಾದ ತಾಮ್ರದ ಪಾತ್ರೆಗೆ ಅವನು ನವಸಾಗರ ಉಜ್ಜಿದಾಗ ಬೆಳ್ಳನೆಯ ಹೊಗೆ ಏಳುತ್ತಿದ್ದುದನ್ನು ನಮ್ಮ ಪೀಳಿಗೆಯವರು ನೋಡಿದ್ದಾರೆ. ನವಸಾಗರ ಬಿಸಿಗೆ ಆವಿಯಾಗಿ, ತಂಪು ಸೋಕಿದೊಡನೆ ಬಿಳಿಪುಡಿಯಾಗಿ ಕೂರುತ್ತದೆ. ಚಿಪ್ಪಿಗೆ ಸಿಲಿಕಾನ್ ನೈಟ್ರೈಡ್ ಪದರ ಬಳಿಯುವ ಕೆಲವು ವಿಧಾನಗಳಲ್ಲಿ ಅಮೋನಿಯಾ ಮತ್ತು ಕ್ಲೋರಿನ್ ಸೇರಿದ ಅನಿಲಗಳು ಕೂಡಿ ಇದೇ ನವಸಾಗರವನ್ನು ಹುಟ್ಟಿಸುತ್ತವೆ. ಪಂಪಿನ ಕೊಳವೆ ತಣ್ಣಗಿದ್ದರೆ ಅದು ಒಳಗೆ ಗಟ್ಟಿಕಟ್ಟಿ ಪಂಪನ್ನೇ ಬಿಗಿದುಬಿಡುತ್ತದೆ. ಆದುದರಿಂದ ಯಂತ್ರದಿಂದ ಕುಲುಮೆಯವರೆಗೆ ಕೊಳವೆಗೆ ವಿದ್ಯುತ್ ಕಂಬಳಿ ಹೊದಿಸಿ ನೂರು ಡಿಗ್ರಿಗೂ ಮೇಲೆ ಬೆಚ್ಚಗಿಡುತ್ತಾರೆ. ಕುಲುಮೆಯವರೆಗೆ ಬಿಸಿ, ಅದನ್ನು ದಾಟಿದೊಡನೆ ತಣ್ಣಗೆ. ಎಲ್ಲಿ ಕಾಯಿಸಬೇಕು, ಎಲ್ಲಿ ತಣಿಸಬೇಕು ಎಂಬ ಎಚ್ಚರವೇ ಈ ವಿದ್ಯೆಯ ಬಹುಪಾಲು.

ಧೋಲೇರಾಕ್ಕೆ ಇದೆಲ್ಲ ಹೊಸತಿರಬಹುದು, ಗುಜರಾತಿಗೆ ಹೊಸತಲ್ಲ. ವಡೋದರಾದಿಂದ ಹಾಲೋಲ್ ದಾಟಿ ಮುಂದೆ ಹೋದರೆ ಪಂಚಮಹಾಲ್ ಜಿಲ್ಲೆಯ ರಣಜಿತ್‌ನಗರ ಎಂಬ ಊರು ಸಿಗುತ್ತದೆ. ಅಲ್ಲಿಯ ಗುಜರಾತ್ ಫ್ಲೋರೋಕೆಮಿಕಲ್ಸ್ ಸಂಸ್ಥೆ ಫ್ರಿಜ್ಜು, ಏಸಿಗಳಿಗೆ ಬೇಕಾಗುವ ಎಚ್‌ಸಿಎಫ್‌ಸಿ-22 ಎಂಬ ಅನಿಲವನ್ನು ತಯಾರಿಸುವಾಗ ಉಪ ಉತ್ಪನ್ನವಾಗಿ ಎಚ್‌ಎಫ್‌ಸಿ-23 ಹುಟ್ಟುತ್ತಿತ್ತು. ನಾವು ಮೇಲೆ ಹೇಳಿದ, ಚಿಪ್ಪಿನಲ್ಲಿ ಕೊರೆಯುವ ಕೆಲಸಕ್ಕೆ ಬಳಸುವ ಟ್ರೈಫ್ಲೋರೋಮೀಥೇನ್ ಇದೇ. ಒಂದೇ ಅನಿಲ ಒಂದು ಕಾರ್ಖಾನೆಗೆ ದುಬಾರಿ ಕಚ್ಚಾವಸ್ತು, ಇನ್ನೊಂದಕ್ಕೆ ಕಸ. ಇದನ್ನು ಸುಮಾರು 1,200 ಡಿಗ್ರಿಯ ಕುಲುಮೆಯಲ್ಲಿ ಸುಟ್ಟು, ಥಟ್ಟನೆ ತಣಿಸಿ, ಆಮ್ಲವನ್ನು ನೀರಿನಲ್ಲಿ ಹಿಡಿಯುವ ಯೋಜನೆ 2005ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಲ್ಲಿ ನೋಂದಣಿಯಾಯಿತು. ಭಾರತದಲ್ಲಿ ಇಂಥ ಮೊದಲ ಯೋಜನೆಗಳಲ್ಲಿ ಅದೊಂದು. ಸೂರತ್ತಿನ ಭೇಸ್ತಾನಿನಲ್ಲಿರುವ ನವೀನ್ ಫ್ಲೋರಿನ್ ಸಂಸ್ಥೆಯೂ ಇದೇ ಹಾದಿ ಹಿಡಿಯಿತು. ಸೂರತ್ತಿನ ಓದುಗರಲ್ಲಿ ಎಷ್ಟು ಮಂದಿ ಆ ರಸ್ತೆಯಲ್ಲಿ ದಿನವೂ ಓಡಾಡಿದ್ದೀರೋ!

ಹಣದ ಲೆಕ್ಕ ಇಲ್ಲಿ ಕುತೂಹಲಕರ. ಅಂದಿನ ಲೆಕ್ಕಾಚಾರದಲ್ಲಿ ಒಂದು ಟನ್ ಎಚ್‌ಎಫ್‌ಸಿ-23 ಸುಟ್ಟರೆ 11,700 ಟನ್ ಇಂಗಾಲದ ಡೈಆಕ್ಸೈಡನ್ನು ತಡೆದಂತೆ ಪ್ರಮಾಣಪತ್ರ ದೊರೆಯುತ್ತಿತ್ತು, ಅದನ್ನು ಯೂರೋಪಿನಲ್ಲಿ ಮಾರಬಹುದಾಗಿತ್ತು. ಕಸ ಸುಡುವುದೇ ಸರಕು ಮಾರುವುದಕ್ಕಿಂತ ಲಾಭವಾದರೆ ಯಾರಾದರೂ ಕಸವನ್ನೇ ಹೆಚ್ಚಿಸಿಯಾರು ಎಂಬ ಟೀಕೆ ಜಗತ್ತಿನೆಲ್ಲೆಡೆ ಎದ್ದಿತು. 2013ರಿಂದ ಯೂರೋಪು ಇಂಥ ಪತ್ರಗಳಿಗೆ ಬಾಗಿಲು ಮುಚ್ಚಿತು. 2016ರ ಅಕ್ಟೋಬರಿನಲ್ಲಿ ಭಾರತ ಸರ್ಕಾರವು ಕಂಪನಿಗಳು ಸ್ವಂತ ಖರ್ಚಿನಲ್ಲಿಯೇ ಇದನ್ನು ಸುಡಬೇಕೆಂದು ಆಜ್ಞೆ ಮಾಡಿತು. ನಮ್ಮ ಅಭಿಪ್ರಾಯದಲ್ಲಿ ಆ ಆಜ್ಞೆ ಇನ್ನೂ ಮೊದಲೇ ಬರಬೇಕಿತ್ತು. ಆದರೆ ಸುಡುವ ಹಾಗೂ ತಣಿಸುವ ವಿದ್ಯೆ ಈ ನೆಲದಲ್ಲಿ ಬೇರೂರಿದ್ದು ಆ ಹಣದ ಬಲದಿಂದಲೇ ಎಂಬುದನ್ನೂ ಒಪ್ಪಬೇಕು. ಅದೇ ರಣಜಿತ್‌ನಗರದ ಕಾರ್ಖಾನೆಯಲ್ಲಿ 2021ರ ಡಿಸೆಂಬರಿನಲ್ಲಿ ಸ್ಫೋಟ ಸಂಭವಿಸಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅದಕ್ಕೂ ಈ ಕುಲುಮೆಗೂ ಸಂಬಂಧವಿರಲಿಲ್ಲವಾದರೂ ರಸಾಯನದ ಕೆಲಸಕ್ಕೆ ಮಕ್ಕಳನ್ನು ಕಳುಹಿಸುವವರು ಅದನ್ನು ಮರೆಯಲಾರರು.

ಈಗ ನೀರಿನ ವಿಚಾರ. ಗಾಳಿಯನ್ನು ತಣಿಸಿದ ನೀರು ಗಾಳಿಯ ಪಾಪವನ್ನೆಲ್ಲ ಹೊತ್ತುಕೊಂಡು ಬರುತ್ತದೆ. ಹೊಗೆಯಲ್ಲಿದ್ದ ಫ್ಲೋರಿನ್ ಈಗ ನೀರಿನಲ್ಲಿ ಫ್ಲೋರೈಡ್ ಆಗಿದೆ. ಫ್ಲೋರೈಡ್ ಎಂದರೆ ಏನೆಂಬುದನ್ನು ನಾವು ಎರಡೂ ಊರುಗಳಲ್ಲಿ ಕಂಡವರು. ಪಾವಗಡ, ಮುಂಡರಗಿ, ಬಾಗೇಪಲ್ಲಿಗಳ ಕೊಳವೆಬಾವಿಯ ನೀರು ಕುಡಿದು ಹಲ್ಲು ಕಂದಾದ, ಮೊಣಕಾಲು ಬಾಗಿದ ನೆಂಟರು ನಮ್ಮಲ್ಲಿ ಹಲವರಿಗೆ ಇದ್ದಾರೆ. ಇಲ್ಲಿ ಮೆಹಸಾಣಾ, ಬನಾಸಕಾಂಠಾ, ಪಾಟಣದ ಹಳ್ಳಿಗಳಲ್ಲಿಯೂ ಅದೇ ಕಥೆ. ಅಲ್ಲಿ ಫ್ಲೋರೈಡನ್ನು ನೀರಿಗೆ ಬೆರೆಸಿದ್ದು ನೆಲದೊಳಗಿನ ಬಂಡೆ. ಕಾರ್ಖಾನೆಯ ವಿಷಯದಲ್ಲಿ ಬೆರೆಸುವವರು ನಾವೇ, ಆದುದರಿಂದ ತೆಗೆಯುವ ಹೊಣೆಯೂ ನಮ್ಮದೇ.

ತೆಗೆಯುವ ಉಪಾಯ ಹಳೆಯದು: ಸುಣ್ಣ. ಸುಣ್ಣದ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದು ಕ್ಯಾಲ್ಸಿಯಂ ಫ್ಲೋರೈಡ್ ಎಂಬ ಕರಗದ ಬಿಳಿ ಕೆಸರಾಗಿ ತಳಕ್ಕೆ ಕೂರಿಸುತ್ತದೆ. ಆದರೆ "ಕರಗದ" ಎಂಬ ಮಾತಿಗೆ ತುಸು ಎಚ್ಚರ ಬೇಕು. ಶುದ್ಧ ನೀರಿನಲ್ಲಿಯೂ ಅದು ತುಸು ಕರಗಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಫ್ಲೋರೈಡ್ ಉಳಿದುಬಿಡುವುದು ಆ ವಸ್ತುವಿನ ಗುಣ. ನಮ್ಮ ದೇಶದ ನಿಯಮದಂತೆ ನದಿ, ಕೆರೆಗಳಿಗೆ ಬಿಡುವ ನೀರಿನಲ್ಲಿ ಅದು ಲೀಟರಿಗೆ 2 ಮಿಲಿಗ್ರಾಂ ಮೀರಬಾರದು. ಕುಡಿಯುವ ನೀರಿಗೆ ಮಿತಿ 1, ಬೇರೆ ಮೂಲವಿಲ್ಲದಾಗ 1.5. ಅಂದರೆ ಸುಣ್ಣದ ತೊಟ್ಟಿಯ ಬಳಿಕ ಅಲ್ಯೂಮಿನಿಯಂ ಲವಣವೋ ರಾಳದ ಸೋಸುಕವೋ ಮತ್ತೊಂದು ಹಂತ ಬೇಕೇಬೇಕು. ಈ ಎರಡನೆಯ ಹಂತಕ್ಕೆ ಖರ್ಚು ಹೆಚ್ಚು. ಯಾವುದೇ ಉದ್ಯಮದಲ್ಲಿ ಉಳಿತಾಯದ ಕತ್ತರಿ ಮೊದಲು ಬೀಳುವುದು ಇಂಥ ಕಡೆಯೇ. ಸಾಲದ ಅರ್ಜಿಗಳನ್ನು ಓದಿ ಓದಿ ನಮಗೆ ಬಂದಿರುವ ತಿಳಿವಳಿಕೆ ಇದು. ಧೋಲೇರಾದ ಬಗ್ಗೆ ಯಾರಾದರೂ ಕೇಳಬೇಕಾದ ಪ್ರಶ್ನೆ ಹೊಗೆಯದ್ದಲ್ಲ, ಈ ನೀರಿನದು: ದಿನಕ್ಕೆ ಎಷ್ಟು, ಅದರಲ್ಲಿ ಎಷ್ಟು ಮರುಬಳಕೆ, ಉಳಿದುದರ ಪರೀಕ್ಷಾ ವರದಿ ಯಾರ ಕೈಗೆ ಸಿಗುತ್ತದೆ. ಖಂಭಾತ್ ಕೊಲ್ಲಿಯ ಅಂಚಿನ ಆ ಉಪ್ಪು ನೆಲದಲ್ಲಿ ಸಿಹಿನೀರು ಮೊದಲೇ ದುರ್ಲಭ.

ಮೊಮ್ಮಗಳ ಕೆಲಸದ ಬಗ್ಗೆಯೂ ಅಜ್ಜಿಗೆ ಹೇಳಬೇಕಾಗಿತ್ತು. ಈ ಕುಲುಮೆಗಳ ಪಾಲನೆಗೆ ಪ್ರತ್ಯೇಕ ತಂಡವೇ ಇರುತ್ತದೆ. ತುಂತುರಿನ ಮೂತಿಗಳಿಗೆ ಮರಳಿನ ಕೆಸರು ಕಟ್ಟಿದರೆ ನೀರು ಕಡಿಮೆಯಾಗಿ ಗಾಳಿ ಬಿಸಿಯಾಗಿಯೇ ಪ್ಲಾಸ್ಟಿಕ್ಕಿನ ಕಡೆಗೆ ನುಗ್ಗುತ್ತದೆ. ಅದನ್ನು ಉಷ್ಣಮಾಪಕ ಹಿಡಿದು, ಅನಿಲವನ್ನು ಮೀಸಲು ಕುಲುಮೆಗೆ ತಿರುಗಿಸುತ್ತದೆ ಇಲ್ಲವೇ ಯಂತ್ರವನ್ನೇ ನಿಲ್ಲಿಸುತ್ತದೆ. ನಿಗದಿತ ಅವಧಿಗೊಮ್ಮೆ ಕುಲುಮೆ ಬಿಚ್ಚಿ ಪುಡಿ ಕೆರೆಯಬೇಕು. ಅಪಾಯವಿರುವುದು ಆ ಬಿಚ್ಚುವ ಗಳಿಗೆಯಲ್ಲಿ, ಏಕೆಂದರೆ ಒಳಗಿನ ತೇವದಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿರಬಹುದು. ಅದು ಚರ್ಮದ ಮೇಲೆ ಬಿದ್ದರೆ ಮೊದಮೊದಲು ನೋವೇ ತಿಳಿಯದಿರಬಹುದು, ಆದರೆ ಒಳಗಿಳಿದು ದೇಹದ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತದೆ. ಅದಕ್ಕಾಗಿಯೇ ಅಲ್ಲಿ ಕೈಗೆಟಕುವಲ್ಲಿ ಕ್ಯಾಲ್ಸಿಯಂ ಗ್ಲೂಕೋನೇಟ್ ಲೇಪ ಇಟ್ಟಿರಬೇಕು. ಕೆಲಸಕ್ಕೆ ಸೇರಿದ ಮೊದಲ ದಿನವೇ ಅದು ಎಲ್ಲಿದೆ ಎಂದು ಕೇಳುವಂತೆ ಮೊಮ್ಮಗಳಿಗೆ ತಿಳಿಸಲು ಹೇಳಿದೆವು.

ಇಷ್ಟೆಲ್ಲ ಕೇಳಿದ ಮೇಲೆ ಆ ತಾಯಿ ಸುಮ್ಮನಾಗಲಿಲ್ಲ. "ಸರಿ, ಆ ಸುಣ್ಣದ ಕೆಸರು ಎಲ್ಲಿಗೆ ಹೋಗುತ್ತದೆ?" ಎಂದರು. ಅದನ್ನು ಹಿಂಡಿ ಒಣಗಿಸಿ, ಅಪಾಯಕರ ತ್ಯಾಜ್ಯಕ್ಕೆಂದೇ ಕಟ್ಟಿದ ಭದ್ರ ಗುಂಡಿಗಳಿಗೆ ಹಾಕುತ್ತಾರೆ, ಸಾಕಷ್ಟು ಶುದ್ಧವಾಗಿದ್ದರೆ ಸಿಮೆಂಟ್ ಕುಲುಮೆಗೂ ಕೊಡಬಹುದು ಎಂದು ಉತ್ತರಿಸಿದೆವು. ಮನೆಗೆ ಬಂದು ಓದುತ್ತ ಕುಳಿತಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹಿಂದೆ ವಡೋದರಾ ಜಿಲ್ಲೆಯಲ್ಲಿದ್ದು 2013ರಿಂದ ಛೋಟಾ ಉದೇಪುರ ಜಿಲ್ಲೆಗೆ ಸೇರಿರುವ ಅಂಬಾಡುಂಗರ್ ಎಂಬ ಗುಡ್ಡದಲ್ಲಿ ಗುಜರಾತ್ ಖನಿಜ ಅಭಿವೃದ್ಧಿ ನಿಗಮವು ಫ್ಲೋರ್‌ಸ್ಪಾರ್ ಎಂಬ ಕಲ್ಲನ್ನು ಅಗೆದು ತೆಗೆದಿದೆ. ಜಗತ್ತಿನ ಫ್ಲೋರಿನ್ ಅನಿಲಗಳು ಬಹುಪಾಲು ಹುಟ್ಟುವುದು ಇಂಥ ಕಲ್ಲಿನಿಂದ. ರಸಾಯನಶಾಸ್ತ್ರದಲ್ಲಿ ಆ ಕಲ್ಲಿನ ಹೆಸರು ಕ್ಯಾಲ್ಸಿಯಂ ಫ್ಲೋರೈಡ್, ಸುಣ್ಣದ ತೊಟ್ಟಿಯ ತಳದಲ್ಲಿ ಕೂರುವ ಕೆಸರೂ ಅದೇ.